ರೇಗೆ ಸಾಹೇಬರ ಸಾತ್ವಿಕ ಪ್ರಾಣಿ

ಸಮುದ್ರ ಯಾದಗಿರಿ ಸ್ಟೇಷನ್ನಿನಲ್ಲಿ ಮುಂಬಯಿ ಗಾಡಿಯಿಂದ ಇಳಿಯಿತು. ಉಪ್ಪಿನಕಾಯಿ ಹಾಕುವಂಥ ದೊಡ್ಡ ಪಿಂಗಾಣಿ ಭರಣಿಗಳಲ್ಲಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಬಂದಿತ್ತು. ಹಮಾಲನೊಬ್ಬ ಬೆರಳದ್ದಿ ನೆಕ್ಕಿ, ಥೂ ಎಂದು ಉಗುಳಿ, “ಇದನ್ನ ತರಿಸ್ಕೊಂಡು ಕುಡಿಯೋ ಸಾಹೇಬ ಎಂಥಾವ ಇರಬೇಕಪಾ!” ಎಂದ. ಅಲ್ಲಿಂದ ಭರಣಿಗಳನ್ನು ಚಕ್ಕಡಿಯಲ್ಲಿ ಹುಲ್ಲಿನ ಮೇಲೆ ಕೂರಿಸಿ ಶಹಾಪುರಕ್ಕೆ ಹೊಡೆದರು. ನದಿಗಳು ಸಮುದ್ರಕ್ಕೆ ಹೋಗುವುದನ್ನು ಎಲ್ಲರೂ ಕೇಳಿದ್ದರು. ಸಮುದ್ರವೇ ಚಕ್ಕಡಿ ಏರಿ ಭೀಮಾ ನದಿ ದಾಟಿದ್ದು ಅದೇ ಮೊದಲು.

ತರಿಸಿದವರು ರೇಗೆ ಸಾಹೇಬರು. ನಿಜಾಮರ ರಾಜ್ಯ ಭಾರತದಲ್ಲಿ ಸೇರಿ ಎರಡು ವರ್ಷವಾಗಿತ್ತು. ಹಳೆಯ ಸರ್ಕಾರದ ಕೈಯಲ್ಲಿ ಕೆಟ್ಟುಹೋದ ಜನರನ್ನು ತಿದ್ದಲೆಂದು ಹೊಸ ಸರ್ಕಾರ ಹೊರಗಿನಿಂದ ಅಧಿಕಾರಿಗಳನ್ನು ಕರೆಸುತ್ತಿತ್ತು. ರತ್ನಾಗಿರಿ ಕಡೆಯ ರೇಗೆ ಸಾಹೇಬರು ಗ್ರಾಮ ಸುಧಾರಣೆಯ ವಿಶೇಷ ಅಧಿಕಾರಿಗಳಾಗಿ ಬಂದು, ಜನರನ್ನು ಸುಧಾರಿಸುವ ಮೊದಲು ತಮ್ಮ ಪಡಸಾಲೆಯನ್ನು ಸುಧಾರಿಸಿದರು. ತಾವು ಕಡಲ ದಂಡೆಯಲ್ಲಿ ಹುಟ್ಟಿದವರು, ಉಪ್ಪುನೀರು ಕಣ್ಣಿಗೆ ಬೀಳದಿದ್ದರೆ ಮನಸ್ಸು ಒಣಗುತ್ತದೆ ಎಂದು ಗಾಜಿನ ತೊಟ್ಟಿ ಮಾಡಿಸಿದರು. ಬಣ್ಣದ ಮೀನು ಕಳಿಸಲು ಮುಂಬಯಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದ ಷಡ್ಡಕನಿಗೆ ಹೇಳಿದರು. ಮೀನೆಲ್ಲ ದಾರಿಯಲ್ಲೇ ಸತ್ತವು. ಅಂದಕ್ಕೆಂದು ಭರಣಿಯೊಂದರಲ್ಲಿ ಹಾಕಿ ಕಳಿಸಿದ್ದ ಶಂಖ ಮಾತ್ರ ತೊಟ್ಟಿಯ ತಳಕ್ಕೆ ಹೋಯಿತು. ಮರುದಿನ ಬೆಳಿಗ್ಗೆ ಆ ಶಂಖದೊಳಗಿಂದ ನಿಂಬೆಹಣ್ಣಿನಷ್ಟು ದೊಡ್ಡದೊಂದು ತಲೆ ಹೊರಗೆ ಬಂತು. ತಲೆಗೆ ಎರಡು ಕಣ್ಣಿದ್ದವು. ಉಳಿದದ್ದೆಲ್ಲ ಕೈ.

ಸಾಹೇಬರು ಕಡಲ ದಂಡೆಯವರೇನೋ ನಿಜ. ಆದರೆ ಮೀನು ಮುಟ್ಟದ ಮನೆತನ. ಸಮುದ್ರವನ್ನು ಸಂಜೆ ಹೊತ್ತು ದೂರದಿಂದ ನೋಡಿದವರು, ಅದೂ ಗಾಳಿ ಮೀನಿನ ಕಡೆಯಿಂದ ಬೀಸದ ದಿನ. ಒಳಗೆ ಏನೇನಿರುತ್ತದೆ ಎಂದು ವಿಚಾರಿಸುವ ಪ್ರಸಂಗ ಬಂದಿರಲಿಲ್ಲ.

“ಭಗವಂತರಾಯ, ಇದೇನು?” ಎಂದು ಗುಮಾಸ್ತನನ್ನು ಕೇಳಿದರು.

ಭಗವಂತರಾಯ ಎರಡು ವರ್ಷದ ಹಿಂದೆ ಕಪ್ಪು ಶೇರವಾನಿ ತೊಟ್ಟು ಉರ್ದುವಿನಲ್ಲಿ ಸಲಾಂ ಹೇಳುತ್ತಿದ್ದ ಮನುಷ್ಯ. ಈಗ ಬಿಳಿ ಟೋಪಿ ಇಟ್ಟು ಕೈ ಜೋಡಿಸುತ್ತಿದ್ದ. ಬೆನ್ನು ಬಾಗುವ ರೀತಿ ಮಾತ್ರ ಹಳೆಯದೇ ಇತ್ತು. ಗುರುತು ಹತ್ತದ್ದು ಏನೇ ಸಿಕ್ಕರೂ, ಹೆಣವಾಗಲಿ ಕಳುವಿನ ಎತ್ತಾಗಲಿ, ಪಂಚರನ್ನು ಕರೆದು ಪಂಚನಾಮೆ ಮಾಡುವುದು ಅವನಿಗೆ ಗೊತ್ತಿದ್ದ ಒಂದೇ ಶಾಸ್ತ್ರ. ಕರೆದ. ದನದ ಡಾಕ್ಟರು ತೊಟ್ಟಿಯ ಸುತ್ತ ಒಂದು ಸುತ್ತು ಬಂದು, “ಬಾಲ ಇಲ್ಲ, ಗೊರಸಿಲ್ಲ. ನಮ್ಮ ಇಲಾಖೆಗೆ ಬರೂದಿಲ್ರಿ” ಎಂದರು. ಕಿರಾಣಿ ಸೇಠ, “ಹುಣಸೀಹಣ್ಣು ನೆನಸಿಟ್ಟು ಮರ್ತಂಗ ಕಾಣ್ತದ” ಎಂದ. ಮಠದ ಅಯ್ಯನವರು ಯಾವುದೋ ದೇವತೆಯ ಕೈಗಳನ್ನು ಲೆಕ್ಕ ಹಾಕಿ, ಆಯುಧ ಇಲ್ಲದ್ದರಿಂದ ನಿರ್ಧಾರ ಮುಂದಕ್ಕೆ ಹಾಕಿದರು. ಅಷ್ಟರಲ್ಲಿ ಪ್ರಾಣಿ ಬೂದಿ ಬಣ್ಣದಿಂದ ಕೆಂಪಾಯಿತು, ಕೆಂಪಿನಿಂದ ಮತ್ತೆ ಬೂದಿಯಾಯಿತು.

“ಬಣ್ಣ ಬದಲಿ ಮಾಡ್ತದಲ್ಲೋ!” ಎಂದು ಸೇಠ ಬೆರಗಾದ.

“ಭಗವಂತರಾಯ್ರ ಬಳಗ ಇದ್ದೀತು” ಎಂದರು ದನದ ಡಾಕ್ಟರು.

ನಕ್ಕವರಲ್ಲಿ ಭಗವಂತರಾಯನೂ ಇದ್ದ. ಯಾರ ಪಡಸಾಲೆಯಲ್ಲಿ ಯಾವಾಗ ನಗಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಗು ಮುಗಿದ ಮೇಲೆ ಅವನಿಗೆ ಗುರುಲಿಂಗಮ್ಮನ ನೆನಪಾಯಿತು.

ಗುರುಲಿಂಗಮ್ಮ ವಾರವಾರ ಕಚೇರಿಯ ಕಟ್ಟೆಗೆ ಬಂದು ಕೂತು ಹೋಗುತ್ತಿದ್ದ ಹೆಣ್ಣು. ಅವಳ ಅಪ್ಪ ಹೈದರಾಬಾದಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮಾಲಿ. ಗಿಡಕ್ಕೆ ನೀರು ಹಾಕುವವನ ಮಗಳು ಕಿಟಕಿಯ ಹೊರಗೆ ನಿಂತು ಪಾಠ ಕೇಳುವುದನ್ನು ನೋಡಿ ಯಾರೋ ಒಳಗೆ ಕರೆದಿದ್ದರು, ಅವಳು ಬಿ.ಎಸ್ಸಿ. ಮುಗಿಸಿ ಹೊರಗೆ ಬಂದಳು. ಕೊಂಕಲ್ಲಿನ ಕುರುಬರ ಮನೆಯ ದೇವಿಂದ್ರಪ್ಪನಿಗೆ ಕೊಟ್ಟು ಮದುವೆ ಮಾಡಿದರು. ರಾಜ್ಯ ಕೈ ಬದಲಾದ ಗಲಾಟೆಯ ದಿನಗಳಲ್ಲಿ ಸಂತೆಗೆ ಹೋದ ದೇವಿಂದ್ರಪ್ಪನಿಗೆ ಗುಂಡು ಬಿತ್ತು. ಯಾವ ಕಡೆಯವರ ಗುಂಡು ಎಂದು ಗುರುತು ಹಿಡಿಯಲು ಯಾರೂ ಪಂಚರನ್ನು ಕರೆಯಲಿಲ್ಲ. ಅಂದಿನಿಂದ ಅವಳು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಇಟ್ಟದ್ದನ್ನು ಉಣ್ಣುತ್ತಿದ್ದಳು, ಅಷ್ಟೆ.

ಈಗ ಮೈದುನ ಬೀರಣ್ಣ ಅವಳನ್ನು ದೇವಾಪುರದ ಒಬ್ಬನಿಗೆ ಉಡಿಕಿ ಮಾಡಿಕೊಡಲು ಮಾತು ಮುಗಿಸಿದ್ದ. ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಕಳಿಸುವ ಪದ್ಧತಿ ಅವರಲ್ಲಿತ್ತು, ಒಳ್ಳೆಯ ಪದ್ಧತಿಯೇ. ಈ ಗಂಡಿಗೆ ಮಾತ್ರ ಕುರಿಗಳು ಬೇಕಾದಷ್ಟಿದ್ದವು, ಹಲ್ಲು ಒಂದೂ ಇರಲಿಲ್ಲ. ಶಹಾಪುರದಲ್ಲಿ ಹೊಸದಾಗಿ ತೆರೆಯಲಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕರೆ ಅವಳು ಉಳಿದಳು, ಸಿಗದಿದ್ದರೆ ದೇವಾಪುರ. ಶಾಲೆಗೆ ಯಾರನ್ನು ಇಟ್ಟುಕೊಳ್ಳಬೇಕೆಂಬುದು ರೇಗೆ ಸಾಹೇಬರ ಒಂದು ಮಾತಿನಲ್ಲಿತ್ತು.

ಭಗವಂತರಾಯ ಕರೆಸಿದ ಮೇಲೆ ಅವಳು ತೊಟ್ಟಿಯ ಮುಂದೆ ಕೂತು ಸುಮ್ಮನೆ ನೋಡಿದಳು. ಅದೂ ಅವಳನ್ನು ನೋಡಿತು. ಕಾಲೇಜಿನಲ್ಲಿ ಇಂಥದೊಂದು ಔಷಧದ ಸೀಸೆಯೊಳಗೆ ಬೆಳ್ಳಗೆ ಸತ್ತು ಮುದುಡಿಕೊಂಡದ್ದನ್ನು ನೋಡಿದ್ದಳು. ಇದು ಉಸಿರಾಡುತ್ತಿತ್ತು. ಒಂದು ಕೈಯ ತುದಿ ಗಾಜಿಗೆ ಅಂಟಿತು. ಕೈಯುದ್ದಕ್ಕೂ ಸಣ್ಣ ಸಣ್ಣ ಬಟ್ಟಲುಗಳು.

“ಆಕ್ಟೋಪಸ್ ಅಂತಾರ್ರಿ ಇದಕ್ಕ” ಎಂದಳು. “ಎಂಟು ಕೈ ಅವ, ನೋಡ್ರಿ. ಹತ್ತಿದ್ರ ಬ್ಯಾರೆ ಜಾತಿ ಆಗ್ತಿತ್ತು. ಮೀನಲ್ಲ. ಶಂಖದ ಹುಳ, ಬಸವನಹುಳ, ಆ ಬಳಗದ್ದು. ಎಲುಬಿಲ್ಲ. ಮೂರು ಹೃದಯ ಇರ್ತಾವ.”

“ಮೂರು ಹೃದಯವೇ!” ಸಾಹೇಬರು ಕರಗಿದರು. ಅವರು ಪುಸ್ತಕದಿಂದ ಕಲಿತ ಕನ್ನಡ ಮಾತಾಡುತ್ತಿದ್ದರು. “ಒಂದು ಹೃದಯದ ಮನುಷ್ಯನಿಗೇ ಇಷ್ಟು ದಯೆ ಇರುವಾಗ ಇದು ಎಷ್ಟು ದಯಾಳುವಾಗಿರಬೇಡ! ಇದರ ಆಹಾರವೇನು?”

“ಏಡಿರಿ. ಜೀವಂತ ಇದ್ರ ಚೊಲೊ.”

ಭಗವಂತರಾಯ ಮಾಳಿಗೆಯ ತೊಲೆಗಳನ್ನು ನೋಡತೊಡಗಿದ. ಆ ತಿಂಗಳಷ್ಟೇ ಸಾಹೇಬರು ಹಳ್ಳಿಹಳ್ಳಿಗೆ ಹೋಗಿ, ಈ ಸೀಮೆ ಹಿಂದುಳಿದಿರುವುದಕ್ಕೆ ನಿಜಾಮ ಅರ್ಧ ಕಾರಣ, ಮಾಂಸ ಅರ್ಧ ಕಾರಣ ಎಂದು ಭಾಷಣ ಮಾಡಿ ಬಂದಿದ್ದರು. ಕುರಿ ಸಾಕುವವರು ಕುರಿಯನ್ನು ಮಗುವಿನಂತೆ ಸಾಕಬೇಕು ಎಂದು ಕೊಂಕಲ್ಲಿನಲ್ಲಿ ಹೇಳಿದಾಗ ಬೀರಣ್ಣನೂ ಚಪ್ಪಾಳೆ ತಟ್ಟಿದ್ದ. ದೇವಿಗೆ ಆಡು ಕಡಿಯುವುದನ್ನು ನಿಲ್ಲಿಸುವ ಹುಕುಂ ಇನ್ನೇನು ಹೊರಡುವುದರಲ್ಲಿತ್ತು.

“ನನ್ನ ಮನೆಯಲ್ಲಿ?” ಎಂದರು ಸಾಹೇಬರು. “ಗುರುತು ಸರಿಯಾಗಿ ಆದಂತೆ ತೋರುವುದಿಲ್ಲ. ಇನ್ನೊಮ್ಮೆ ನೋಡಿರಿ” ಎಂದರು.

ಗುರುಲಿಂಗಮ್ಮ ಇನ್ನೊಮ್ಮೆ ನೋಡಿದಳು. ಕೈ ಎಂಟೇ ಇದ್ದವು.

ಭಗವಂತರಾಯ ಅವಳನ್ನು ಕಟ್ಟೆಗೆ ಕರೆದುಕೊಂಡು ಹೋದ. “ತಂಗೀ, ನಿನ್ನ ಕಿತಾಬಿನ್ಯಾಗ ಏನರ ಇರವಲ್ದ್ಯಾಕ. ಶಾಲಿ ಯಾರ ಕೈಯಾಗದ? ನಾ ಎರಡು ಸರ್ಕಾರ ನೋಡೀನಿ. ಸಾಹೇಬ್ರು ಇನ್ನೊಮ್ಮೆ ನೋಡಂದ್ರ, ನೋಡೂದಲ್ಲ ಅದು. ಅವ್ರ ಮನಸಿನ್ಯಾಗ ಏನದ ಅದನ್ನ ಹೇಳೂದು.”

ಅವಳು ಒಳಗೆ ಬಂದು ನಿಂತಳು. “ಸಣ್ಣದದರಿ” ಎಂದಳು. “ಕಲಿಸಿದ್ರ ಕಲೀತದೇನೋ.”

ಸಾಹೇಬರ ಮುಖ ಅರಳಿತು. “ಸಂಸ್ಕಾರ! ನಾನು ಹೇಳುವುದೂ ಅದೇ. ಗುಲ್ಬರ್ಗದಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದಾರೆ. ಅಲ್ಲಿಯತನಕ ಇದನ್ನು ನೀವೇ ನೋಡಿಕೊಳ್ಳಿರಿ. ಇದು ಬದುಕಿರಲಿ, ಸಾತ್ವಿಕವಾಗಿರಲಿ. ನಿಮ್ಮ ನೇಮಕದ ಹುಕುಂ ಅಂದೇ ಅವರ ಕೈಯಿಂದ ಕೊಡಿಸುತ್ತೇನೆ.”

ಹೀಗೆ ಗುರುಲಿಂಗಮ್ಮ ಎಂಟು ಕೈಯ ಪ್ರಾಣಿಗೆ ಕೈಕೆಳಗಿನವಳಾದಳು.

ಸಾಹೇಬರು ತಾವೇ ಅಡಿಗೆಯವನಿಗೆ ಹೇಳಿ ಬೆಲ್ಲದನ್ನ ಮಾಡಿಸಿದರು. ಸಣ್ಣ ಉಂಡೆ ಮಾಡಿ, ಮೇಲೊಂದು ತುಳಸಿಯ ಎಲೆ ಇಟ್ಟು ತೊಟ್ಟಿಯೊಳಗೆ ಬಿಟ್ಟರು. ಪ್ರಾಣಿ ಒಂದು ಕೈ ಚಾಚಿ ಮುಟ್ಟಿತು. ಮುಟ್ಟಿದ ಕೈಯನ್ನು ತಕ್ಷಣ ಹಿಂದಕ್ಕೆಳೆದುಕೊಂಡಿತು. ಉಂಡೆ ಕರಗಿ ನೀರು ಗಂಜಿಯಾಯಿತು. “ಸಂಕೋಚ” ಎಂದರು ಸಾಹೇಬರು. ಮರುದಿನ ಬಾಳೆಹಣ್ಣು ಕೊಟ್ಟರು, ಅದರ ಮರುದಿನ ಕೆನೆಹಾಲು. ಪ್ರಾಣಿ ಗುರುಲಿಂಗಮ್ಮ ಹಾಕಿದ್ದ ತೆಂಗಿನ ಚಿಪ್ಪಿನಡಿಗೆ ಸೇರಿಕೊಂಡು, ಸುಣ್ಣದಂತೆ ಬೆಳ್ಳಗಾಗಿ, ಹೊರಗೆ ಬರುವುದನ್ನೇ ಬಿಟ್ಟಿತು. ಅವಳು ಕೆಟ್ಟ ನೀರು ಮೊಗೆದು ಚೆಲ್ಲಿ, ಭರಣಿಯ ನೀರು ಸುರಿದು, ಸೈಕಲ್ ಪಂಪಿನಿಂದ ಗಾಳಿ ಹೊಡೆದಳು. ಇನ್ನು ನಾಲ್ಕು ದಿನ ಹೀಗೇ ನಡೆದರೆ ಇದು ಸತ್ತೀತು, ಸತ್ತರೆ ದೇವಾಪುರ.

ಸಂತೆಕಟ್ಟೆಯ ತುದಿಯಲ್ಲಿ ಮುನ್ನಿಬೀ ಕೆರೆಯ ಮೀನು ಮಾರುತ್ತಿದ್ದಳು. ಬುಟ್ಟಿಯ ಪಕ್ಕದ ಮಡಕೆಯಲ್ಲಿ ಏಡಿಗಳು ಕರಕರ ಎನ್ನುತ್ತಿದ್ದವು. ಮುನ್ನಿಬೀಗೂ ಗಂಡನಿರಲಿಲ್ಲ. ಗಲಾಟೆ ಎಲ್ಲ ಮುಗಿಯಿತು, ಎಲ್ಲರೂ ಒಂದಾದೆವು ಎಂದು ಡಂಗುರ ಹೊಡೆದ ಮೇಲೆ ಅವನನ್ನು ಮನೆಯಿಂದ ಕರೆದುಕೊಂಡು ಹೋದವರು ತಿರುಗಿ ಕಳಿಸಿರಲಿಲ್ಲ.

“ಎಷ್ಟು ದೊಡ್ಡವು ಬೇಕವ್ವಾ?”

“ಸಣ್ಣವು. ಹೆಬ್ಬಟ್ಟಿನಷ್ಟು. ಜೀವ ಇರಬೇಕು.”

“ಹೆಬ್ಬಟ್ಟಿನಷ್ಟು ಏಡಿಗೆ ಸಾರಾಗ್ತದೇನು? ಹಲ್ಲಾಗ ಸಿಗ್ತದ, ಅಷ್ಟ.” ಮುನ್ನಿಬೀ ಅವಳ ಬರಿಗೈ ನೋಡಿದಳು, ಮುಖ ನೋಡಿದಳು, ಮತ್ತೇನೂ ಕೇಳದೆ ಮಡಕೆಯೊಳಗೆ ಕೈ ಹಾಕಿದಳು.

ಸಾಹೇಬರು ಪೂಜೆಗೆ ಕೂತಾಗ ಗುರುಲಿಂಗಮ್ಮ ಮೆಂತ್ಯದ ಸೊಪ್ಪಿನಡಿ ಮುಚ್ಚಿ ತಂದ ಏಡಿಯನ್ನು ತೊಟ್ಟಿಗೆ ಬಿಟ್ಟಳು. ಮೊದಲು ಚಿಪ್ಪಿನಡಿಯಿಂದ ಒಂದು ಕೈಯ ತುದಿ ಬಂತು, ಕುರುಡ ಗೋಡೆ ತಡವಿದಂತೆ ನೆಲ ತಡವಿತು. ಆಮೇಲೆ ಕಣ್ಣು ಬಂತು. ಬಿಳಿಚಿದ ಮೈಯ ಮೇಲೆ ಇಟ್ಟಿಗೆಯ ಬಣ್ಣ ಒಂದೇ ಸಲಕ್ಕೆ ಹರಡಿತು. ಮರುಕ್ಷಣ ಅದು ಏಡಿಯ ಮೇಲೆ ಕೊಡೆಯಂತೆ ಬಿಚ್ಚಿಕೊಂಡು ಬಿತ್ತು. ಒಳಗೆ ಏನು ನಡೆಯಿತೋ ಕಾಣಲಿಲ್ಲ. ಗಿಳಿಯ ಕೊಕ್ಕಿನಂಥ ಬಾಯಿ ಇರುತ್ತದೆ ಎಂದು ಓದಿದ್ದಳು. ಅವಳು ಪೂಜೆಯ ಗಂಟೆ ಕೇಳುವವರೆಗೂ ನೋಡುತ್ತಲೇ ನಿಂತಿದ್ದಳು. ಎರಡು ವರ್ಷದಿಂದ ಅವಳಿಗೆ ಯಾರ ಹಸಿವೂ ಕಣ್ಣಿಗೆ ಬಿದ್ದಿರಲಿಲ್ಲ, ತನ್ನದೂ.

ಮರುದಿನ ಬೆಳಿಗ್ಗೆ ತಿಂದ ಏಡಿಯ ಚಿಪ್ಪುಗಳು ಪ್ರಾಣಿಯ ಮನೆಯ ಬಾಗಿಲ ಮುಂದೆ ಗುಡ್ಡೆಯಾಗಿ ಬಿದ್ದಿದ್ದವು. ತಿಂದದ್ದನ್ನು ಮುಚ್ಚಿಡುವ ಬುದ್ಧಿ ಅದಕ್ಕಿರಲಿಲ್ಲ; ತೆಂಗಿನ ಚಿಪ್ಪಿನ ಹೊಸ್ತಿಲಲ್ಲೇ ಚೆಲ್ಲುತ್ತಿತ್ತು. ಸಾಹೇಬರು ಏಳುವ ಮೊದಲು ಅವನ್ನು ಬಳಿದು ಸೆರಗಿಗೆ ಕಟ್ಟಿಕೊಳ್ಳುವುದು ಗುರುಲಿಂಗಮ್ಮನ ದಿನದ ಮೊದಲ ಕೆಲಸವಾಯಿತು. ಬೆಲ್ಲದನ್ನದ ಉಂಡೆಯನ್ನು ಕರಗುವ ಮೊದಲೇ ಸೌಟಿನಲ್ಲಿ ಎತ್ತಿ ಹಿತ್ತಲಿಗೆ ಎಸೆಯುವುದು ಎರಡನೆಯದು. ಹಿತ್ತಲಲ್ಲಿ ಒಂದು ಬೀದಿನಾಯಿ ಆ ಬೆಲ್ಲದನ್ನ ತಿಂದು ತಿಂದು ಸೇಠನ ಆಕಾರಕ್ಕೆ ಬಂತು. ತೊಟ್ಟಿಯಲ್ಲಿ ಪ್ರಾಣಿ ದುಂಡಗಾಯಿತು, ಗಾಜಿನ ಹತ್ತಿರ ಬಂದು ಸಾಹೇಬರ ಬೆರಳಿನ ಹಿಂದೆ ಹಿಂದೆ ಓಡಾಡಿತು. ಸಾಹೇಬರು ಊರಿನ ಹಿರಿಯರನ್ನು ಕರೆಸಿ ತೋರಿಸಿದರು.

“ನೋಡಿರಿ. ಹುಟ್ಟಾ ಹಿಂಸ್ರ ಪ್ರಾಣಿ. ಬೆಲ್ಲದನ್ನದ ಮೇಲೆ ಹೇಗೆ ಪುಷ್ಟವಾಗಿದೆ! ಎಲುಬಿಲ್ಲದ ಜಂತುವೇ ಮಾಂಸ ಬಿಟ್ಟಿದೆ, ಎಲುಬಿರುವ ನಿಮಗೆ ಬಿಡಲಾಗುವುದಿಲ್ಲವೇ?”

ಹಿರಿಯರು ತಲೆ ತಗ್ಗಿಸಿದರು. ಅಡಿಗೆ ಆರುತ್ತದೆಂದು ಬೇಗ ಬೇಗ ಮನೆಗೆ ಹೋದರು.

ಏಡಿಯ ಸುದ್ದಿ ಬಹಳ ದಿನ ಮಡಕೆಯೊಳಗೆ ನಿಲ್ಲಲಿಲ್ಲ. ಪ್ರಾಣಿಯ ಕೆಲಸ ಹಿಡಿದ ಮೇಲೆ ಗುರುಲಿಂಗಮ್ಮ ಇದ್ದದ್ದು ಊರಬಾಗಿಲಾದ ಅಗಸಿಯ ಹತ್ತಿರ ಭೀಮಮ್ಮ ಎಂಬ ಮುದುಕಿಯ ಮನೆಯ ಒಂದು ಕೋಣೆಯಲ್ಲಿ. ಏಡಿ ಉಷ್ಣ, ಮೈ ಕಾಯಿಸುತ್ತದೆ, ಬಾಣಂತಿಗೂ ಕೆಮ್ಮಿನವರಿಗೂ ಸರಿ, ಹರೆಯದ ರಂಡೆಮುಂಡೆಗೆ ದಿನಾ ಯಾಕೆ ಬೇಕು ಎಂದು ಭೀಮಮ್ಮ ಅಗಸಿಯಲ್ಲಿ ಕೇಳಿದಳು. ಜನರೇ ಕೊಟ್ಟುಕೊಂಡ ಉತ್ತರ ಕೊಂಕಲ್ಲಿಗೆ ಹೋಯಿತು. ಬೀರಣ್ಣ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದ.

“ಖರೇ ಏನು ವೈನಿ? ದಿನಾ ಏಡಿ ಒಯ್ತಿಯಂತ. ಯಾರಿಗಂತ ಒಯ್ತಿ?”

ಯಾರಿಗೆ ಎಂದು ಹೇಳಿದರೆ ಸಾಹೇಬರ ಪ್ರಾಣಿಯ ಮಾನ ಹೋಗುತ್ತದೆ, ಅದರ ಹಿಂದೆ ಶಾಲೆಯೂ ಹೋಗುತ್ತದೆ. ಹೇಳದಿದ್ದರೆ ತನ್ನ ಮಾನ. ಗುರುಲಿಂಗಮ್ಮ ಎರಡನ್ನೂ ತೂಗುವಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ.

“ನನಗ. ನಾನ ತಿಂತೀನಿ” ಎಂದಳು.

ಬೀರಣ್ಣನಿಗೆ ಇಷ್ಟು ನೇರವಾದ ಉತ್ತರ ಬೇಕಿರಲಿಲ್ಲ. “ದೇವಾಪುರದವ್ರು ಕೇಳಿದ್ರ ನಾ ಏನ್ ಹೇಳಲಿ?”

“ಏಡಿ ತಿಂತಾಳ ಅಂತ ಹೇಳಪಾ. ಹಲ್ಲಿದ್ದಾವ್ರು ತಿಂತಾರ.”

ಬೀರಣ್ಣ ಅಲ್ಲಿಂದ ಸೀದಾ ರೇಗೆ ಸಾಹೇಬರ ಹತ್ತಿರ ಹೋಗಿ, ಮನೆಯ ಹೆಣ್ಣುಮಗಳಿಗೆ ತಾವೇ ನಾಲ್ಕು ಬುದ್ಧಿಮಾತು ಹೇಳಬೇಕೆಂದು ಕೈ ಮುಗಿದ. ಬುದ್ಧಿಮಾತು ಕೇಳಿದವರಿಗೆ ಇಲ್ಲ ಎನ್ನುವ ಸ್ವಭಾವ ಸಾಹೇಬರದಲ್ಲ. ಅವಳನ್ನು ತೊಟ್ಟಿಯ ಪಕ್ಕಕ್ಕೇ ನಿಲ್ಲಿಸಿಕೊಂಡರು.

“ಗುರುಲಿಂಗಮ್ಮನವರೇ, ನೀವು ವಿದ್ಯಾವಂತರು. ದಿನವೂ ಈ ಪ್ರಾಣಿಗೆ ನಿಮ್ಮ ಕೈಯಾರೆ ಸಾತ್ವಿಕ ಆಹಾರ ಕೊಡುತ್ತೀರಿ. ಇದು ಬಿಟ್ಟಿತು. ನಿಮಗೆ ಬಿಡಲಿಕ್ಕಾಗಲಿಲ್ಲವಲ್ಲ!”

ಪ್ರಾಣಿ ಗಾಜಿಗೆ ಅಂಟಿಕೊಂಡು ಇಬ್ಬರನ್ನೂ ನೋಡುತ್ತಿತ್ತು. ಬೆಳಿಗ್ಗೆ ಅದು ಎರಡು ಏಡಿ ತಿಂದಿತ್ತು.

“ಪ್ರಯತ್ನ ಮಾಡ್ತೀನ್ರಿ” ಎಂದಳು ಗುರುಲಿಂಗಮ್ಮ.

ಸಂಜೆ ಮುನ್ನಿಬೀ ಎಲ್ಲವನ್ನೂ ಕೇಳಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. “ತಿನ್ನೂದು ಅದು, ಬೈಸ್ಕೊಳ್ಳೂದು ನೀನು! ಮಗರ್ ಆ ಜಾನವಾರ್ ಭಾಳ ಶಾಣ್ಯಾ ಅದ. ಸಾಹೇಬನ ಮನ್ಯಾಗ ಹ್ಯಾಂಗ ಇರಬೇಕು ಅನ್ನೂದು ಭಗವಂತರಾಯಗ ಎರಡು ವರ್ಷ ಹಿಡೀತು, ಅದಕ್ಕ ಎಂಟು ದಿನ.”

ಸುಧಾರಣೆಯ ಸಭೆಯ ದಿನ ಪಡಸಾಲೆಯಿಂದ ತೊಟ್ಟಿಯನ್ನು ಅಂಗಳಕ್ಕೆ ತಂದು ಮೇಜಿನ ಮೇಲೆ ಇಟ್ಟರು. ಚಪ್ಪರ ಹಾಕಿಸಿದ್ದರು. ಸುರಪುರದಿಂದಲೂ ಜನ ಬಂದಿದ್ದರು. ಎಂಟು ಕೈಯ ದೇವರು ಅನ್ನ ಉಣ್ಣುತ್ತದಂತೆ ಎಂದು ಅಲ್ಲಿಗೆ ಸುದ್ದಿ ಮುಟ್ಟಿತ್ತು. ಗುಲ್ಬರ್ಗದ ದೊಡ್ಡ ಸಾಹೇಬರು ನಡುವಿನ ಕುರ್ಚಿಯಲ್ಲಿ ಬಿಸಿಲಿಗೆ ಕಣ್ಣು ಮುಚ್ಚಿ ಕೂತಿದ್ದರು. ಮೊದಲು ಪ್ರಾಣಿಯ ಭೋಜನ, ಆಮೇಲೆ ಆಡು ಕಡಿಯಬಾರದೆಂಬ ಹುಕುಂ ಓದುವುದು, ಕೊನೆಗೆ ಗುರುಲಿಂಗಮ್ಮನ ನೇಮಕದ ಹುಕುಂ. ಅದು ರೇಗೆ ಸಾಹೇಬರ ಕೋಟಿನ ಜೇಬಿನಲ್ಲಿತ್ತು. ತುದಿ ಹೊರಗೆ ಕಾಣುತ್ತಿತ್ತು.

ಬರೀ ಅನ್ನಕ್ಕೆ ಅದು ಹೊರಗೆ ಬರುವುದಿಲ್ಲ ಎಂಬುದು ಗುರುಲಿಂಗಮ್ಮನಿಗೆ ಗೊತ್ತಿತ್ತು. ಅದಕ್ಕೆಂದೇ ಅಂಟು ಅಂಟಾದ ಅನ್ನದ ಉಂಡೆ ಕಟ್ಟಿ, ನಡುವೆ ಒಂದು ಎಳೆಯ ಏಡಿಯನ್ನು ಬಚ್ಚಿಟ್ಟಿದ್ದಳು. ಪ್ರಾಣಿ ಉಂಡೆಯನ್ನು ಇಡಿಯಾಗಿ ಚಿಪ್ಪಿನಡಿಗೆ ಎಳೆದುಕೊಂಡು ಹೋಗುತ್ತದೆ, ಒಳಗೆ ಏನು ತಿಂದರೂ ಹೊರಗಿನವರಿಗೆ ಕಾಣದು ಎಂಬುದು ಅವಳ ಅಂದಾಜು. ಅಂದಾಜು ತಪ್ಪಿರಲಿಲ್ಲ. ಆದ ಅನಾಹುತವೆಂದರೆ, ದೊಡ್ಡ ಸಾಹೇಬರ ಎದುರು ಬರೀ ಅನ್ನವೇ ಎಂದು ರೇಗೆ ಸಾಹೇಬರು ಕೊನೆಯ ಗಳಿಗೆಯಲ್ಲಿ ಉಂಡೆಯ ಮೇಲೆ ಒಂದು ಬಟ್ಟಲು ತುಪ್ಪ, ಒಂದು ಬಟ್ಟಲು ಹಾಲು ಸುರಿದುಬಿಟ್ಟರು.

ನೀರಿಗೆ ಬಿದ್ದ ಉಂಡೆ ಅರ್ಧದಲ್ಲೇ ಒಡೆಯಿತು. ಅಗುಳುಗಳು ಮಂಜಿನಂತೆ ಹರಡಿದವು. ಆ ಮಂಜಿನೊಳಗಿಂದ ಏಡಿ ಇಳಿದು, ಎರಡೂ ಕೊಂಡಿ ಎತ್ತಿ, ಸಭೆಗೆ ನಮಸ್ಕಾರ ಮಾಡಿದಂತೆ ನಿಂತಿತು.

ಪ್ರಾಣಿ ಚಿಪ್ಪಿನಿಂದ ಹೊರಗೆ ಹಾರಿತು. ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಎಂಟೂ ಕೈ ಅಗಲಿಸಿ ಏಡಿಯ ಮೇಲೆ ಬಿದ್ದು, ಅದನ್ನು ಪೂರ್ತಿ ಮುಚ್ಚಿಕೊಂಡು, ಗಾಜಿಗೆ ಒತ್ತಿ ಕೂತಿತು.

ರೇಗೆ ಸಾಹೇಬರ ಬಾಯಿ ತೆರೆದೇ ಇತ್ತು. ಕುರಿ ಕಾಯುವವರು, ಬುಟ್ಟಿ ಹೆಣೆಯುವವರು, ಹೊಲಕ್ಕೆ ಹೋಗುವವರು ಎಲ್ಲರೂ ಅದನ್ನು ನೋಡಿದರು. ಒಂದು ಜೀವ ಇನ್ನೊಂದರ ಮೇಲೆ ಬಿದ್ದಾಗ ಏನಾಗುತ್ತದೆ ಎಂದು ತಿಳಿಯಲು ಅವರಲ್ಲಿ ಯಾರಿಗೂ ಬಿ.ಎಸ್ಸಿ. ಬೇಕಿರಲಿಲ್ಲ. ಮೊದಲು ಎದ್ದದ್ದು ಭಗವಂತರಾಯ.

“ಅಪ್ಪಿಕೊಂಡಿತು!” ಎಂದು ಕೂಗಿದ. “ನೋಡ್ರಪೋ! ಹುಟ್ಟಾ ವೈರಿನ ಅಪ್ಪಿಕೊಂಡಿತು! ಸಾಹೇಬ್ರ ಸಂಸ್ಕಾರ!”

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಿಂದ ಶುರುವಾಗಿ ಹಿಂದಕ್ಕೆ ಹೋಯಿತು. ದನದ ಡಾಕ್ಟರು ತಟ್ಟಿದರು, ಸೇಠ ತಟ್ಟಿದ, ಬೀರಣ್ಣ ತಟ್ಟಿದ. ರೇಗೆ ಸಾಹೇಬರ ಬಾಯಿ ಮುಚ್ಚಿತು, ಕಣ್ಣು ತುಂಬಿತು. ಚಪ್ಪಾಳೆಗೆ ದೊಡ್ಡ ಸಾಹೇಬರಿಗೆ ಎಚ್ಚರವಾಯಿತು.

“ಏನು ಮಾಡುತ್ತಿದೆ ಅದು?” ಎಂದು ಕೇಳಿದರು. ತೊಟ್ಟಿಯ ಪಕ್ಕ ನಿಂತಿದ್ದವಳು ಗುರುಲಿಂಗಮ್ಮ. “ನೀವೇ ಅಲ್ಲವೇ ಸೈನ್ಸ್ ಓದಿದವರು? ಹೇಳಿ.”

ಚಪ್ಪಾಳೆ ನಿಂತಿತು. ರೇಗೆ ಸಾಹೇಬರು ಅವಳನ್ನು ನೋಡಿದರು. ಅವರ ಕೈ ತಾನಾಗಿ ಜೇಬಿನ ಹತ್ತಿರ ಹೋಯಿತು. ಅವಳಿಗೆ ಗಾಜಿಗೆ ಒತ್ತಿಕೊಂಡಿದ್ದ ಬಟ್ಟಲುಗಳು ಕಾಣುತ್ತಿದ್ದವು, ಅವುಗಳ ನಡುವೆ ಏಡಿಯ ಒಂದು ಕಾಲು. ಕಾಲು ಒಮ್ಮೆ ಅಲುಗಿ ಸುಮ್ಮನಾಯಿತು. ಹಿಂದೆ ಬೀರಣ್ಣನ ಪಕ್ಕ ಬೊಚ್ಚುಬಾಯಿಯ ಒಬ್ಬ ಹೊಸ ರುಮಾಲು ಸುತ್ತಿಕೊಂಡು ಕೂತಿದ್ದ.

“ಅಪ್ಪಿಕೊಂಡದರಿ” ಎಂದಳು.

ಚಪ್ಪಾಳೆ ಮತ್ತೆ ಏಳುವ ಮೊದಲು ಹೆಂಗಸರ ಕಡೆಯಿಂದ ಮುನ್ನಿಬೀಯ ದನಿ ಬಂತು. ಕೂಗಿ ಹೇಳಲಿಲ್ಲ, ಮಗ್ಗುಲಿನವಳಿಗೆ ಹೇಳಿದಂತೆ ಹೇಳಿದಳು. ಎಲ್ಲರಿಗೂ ಕೇಳಿಸಿತು.

“ಹೌದವ್ವಾ. ನಮ್ಮನ್ನೂ ಹಿಂಗ ಅಪ್ಪಿಕೊಂಡ್ರು.”

ಅದಕ್ಕೆ ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಭಗವಂತರಾಯನಿಗೂ ಹೊಳೆಯಲಿಲ್ಲ. ದೊಡ್ಡ ಸಾಹೇಬರು ಗಡಿಯಾರ ನೋಡಿಕೊಂಡು ಎದ್ದರು. ಎದ್ದ ಅವಸರದಲ್ಲಿ ನೇಮಕದ ಹುಕುಂ ಗುರುಲಿಂಗಮ್ಮನ ಕೈಗೆ ಬಂತು. ಆಡಿನ ಹುಕುಂ ಓದುವುದು ಉಳಿಯಿತು. ಮಧ್ಯಾಹ್ನ ಡಾಕ್ ಬಂಗಲೆಯಲ್ಲಿ ದೊಡ್ಡ ಸಾಹೇಬರ ಊಟಕ್ಕೆ, ಬೀರಣ್ಣ ಮಗುವಿನಂತೆ ಸಾಕಿದ ಒಂದು ಕುರಿ ಹೋಯಿತು. ವ್ಯವಸ್ಥೆ ಭಗವಂತರಾಯನದು.

ಹುಕುಂ ಬಂದ ಮೇಲೆ ದೇವಾಪುರದವನು ರುಮಾಲು ಬಿಚ್ಚಿಟ್ಟ. ಸಂಬಳ ತರುವ ಅತ್ತಿಗೆಯನ್ನು ಬೇರೆಯವರ ಮನೆಗೆ ಕೊಡುವುದು ಬೀರಣ್ಣನಿಗೂ ಈಗ ಅಷ್ಟು ಸರಿಕಾಣಲಿಲ್ಲ.

ಶಾಲೆ ತೆರೆಯುವ ಹೊತ್ತಿಗೆ ರೇಗೆ ಸಾಹೇಬರಿಗೆ ವರ್ಗವಾಯಿತು. ಒಣ ಊರಿನಿಂದ ಇನ್ನೂ ಒಣ ಊರಿಗೆ. ಸಮುದ್ರವನ್ನು ಮತ್ತೆ ಚಕ್ಕಡಿಗೆ ಹತ್ತಿಸುವ ಹುಮ್ಮಸ್ಸು ಅವರಿಗೆ ಉಳಿದಿರಲಿಲ್ಲ. ತೊಟ್ಟಿಯನ್ನು ಶಾಲೆಗೆ ದಾನ ಕೊಟ್ಟು, ಹೆಣ್ಣುಮಕ್ಕಳು ಈ ಪ್ರಾಣಿಯನ್ನು ನೋಡಿ ಸಂಯಮ ಕಲಿಯಬೇಕೆಂದು ಭಾಷಣ ಮಾಡಿ ಹೋದರು. ಷಡ್ಡಕ ಕಳಿಸಿದ ಕೊನೆಯ ಭರಣಿಗಳು ಶಾಲೆಯ ಮೂಲೆಯಲ್ಲಿ ಸಾಲಾಗಿ ನಿಂತವು. ಅವು ಇರುವವರೆಗೆ ಸಮುದ್ರ.

ಮೊದಲ ದಿನವೇ ಹುಡುಗಿಯರು ತೊಟ್ಟಿಗೆ ಮುತ್ತಿಕೊಂಡರು.

“ಅಕ್ಕೋರ, ಇದು ಏನ್ ತಿಂತದ್ರಿ?”

“ಏಡಿ.”

“ಬೆಲ್ಲದನ್ನ ಅಂತ ಸಾಹೇಬ್ರು ಹೇಳಿದ್ರಲ್ರಿ?”

“ಸಾಹೇಬ್ರಿಗೆ ವರ್ಗ ಆತು.”

ಹುಡುಗಿಯರು ತಲೆಯಾಡಿಸಿದರು. ಆ ಊರಿನಲ್ಲಿ ಹುಟ್ಟಿದವರಿಗೆ ಅದು ಪೂರ್ತಿ ಉತ್ತರ.

ಅವರೆದುರೇ ಗುರುಲಿಂಗಮ್ಮ ಸೊಪ್ಪಿನ ಮರೆಯಿಲ್ಲದೆ ಏಡಿ ಬಿಟ್ಟಳು. ಪ್ರಾಣಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಅವಳು ಬಗ್ಗಿ ನೋಡಿದಾಗ ತೆಂಗಿನ ಚಿಪ್ಪಿನ ಒಳಮೈಗೆ ಸಣ್ಣ ಸಣ್ಣ ಸಜ್ಜೆಯ ತೆನೆಗಳಂತೆ ಬಿಳಿಯ ತತ್ತಿಗಳು ತೂಗುತ್ತಿದ್ದವು. ಅದು ಅವುಗಳ ಮೇಲೆ ಒಂದೊಂದೇ ಕೈಯಾಡಿಸುತ್ತ, ಮೈಯ ಕೊಳವೆಯಿಂದ ನೀರು ಊದುತ್ತ ಕೂತಿತ್ತು. ಹೆಣ್ಣು ಎಂದು ಅವಳಿಗೆ ಗುರುತು ಹತ್ತಿದ್ದು ಆಗ. ತತ್ತಿ ಇಟ್ಟ ಮೇಲೆ ಇವು ಏನನ್ನೂ ತಿನ್ನುವುದಿಲ್ಲ, ತತ್ತಿ ಕಾದು ಕಾದು ಸಾಯುತ್ತವೆ ಎಂದು ಓದಿದ್ದು ನೆನಪಾಯಿತು. ಆದರೂ ಮುನ್ನಿಬೀಯ ಮಡಕೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಏಡಿಯನ್ನು ಒಯ್ದು ಚಿಪ್ಪಿನ ಬಾಗಿಲಿಗೇ ಇಟ್ಟಳು. ಒಳಗಿನಿಂದ ಒಂದು ಕೈ ಬಂತು. ಏಡಿಯನ್ನು ಮೆಲ್ಲಗೆ ಆಚೆ ತಳ್ಳಿ ಒಳಗೆ ಹೋಯಿತು.

ಕೊನೆಗೂ ಅದು ಮಾಂಸ ಬಿಟ್ಟಿತ್ತು. ಚಪ್ಪಾಳೆ ತಟ್ಟಲು ಯಾರೂ ಇರಲಿಲ್ಲ.

ಗುರುಲಿಂಗಮ್ಮ ಏಡಿಯನ್ನು ನೀರಿನಿಂದ ಎತ್ತಿ ಮುನ್ನಿಬೀಯ ಹತ್ತಿರ ಒಯ್ದಳು.

“ಅದು ಒಲ್ಲೆ ಅಂತು.”

“ಹಂಗಾರ ವಾಪಸ್ ಹಾಕು ಮಡಕಿಗೆ.”

“ಬ್ಯಾಡ. ಇನ್ನೂ ನಾಕು ಹಾಕು. ದೊಡ್ಡವು. ನಾ ತಿಂತೀನಿ.”

ಮುನ್ನಿಬೀ ತಲೆ ಎತ್ತಿ ಅವಳನ್ನು ನೋಡಿದಳು. “ನೀ ತಿಂತಿ ಅಂತ ಊರಿಗೆಲ್ಲಾ ಯಾವಾಗೋ ಗೊತ್ತಾಗ್ಯದ. ನಿನಗ ಈಗ ಖಬರ್ ಬಂತೇನು? ಬುಟ್ಟಿ ಹಿಡಿ. ಸಾರು ನಾ ಮಾಡ್ತೀನಿ. ಕಿತಾಬು ಓದ್ದಾವ್ರಿಗೆ ಏಡಿ ಸಾರು ಬರೂದಿಲ್ಲ.”

ಭೀಮಮ್ಮನ ಹಿತ್ತಲಲ್ಲಿ ಒಲೆ ಹೂಡಿದರು. ಹುರಿದ ಖಾರ, ಬೆಳ್ಳುಳ್ಳಿ, ಕುಟ್ಟಿದ ಶೇಂಗಾ. ವಾಸನೆಗೆ ಭೀಮಮ್ಮ ಎರಡು ಸಲ ಹಿತ್ತಲಿಗೆ ಬಂದು ಎರಡು ಸಲವೂ ಬೇರೇನೋ ಹುಡುಕಿದಳು. ಮೂರನೆಯ ಸಲ ಕೆಮ್ಮುತ್ತ ಬಂದು ತಟ್ಟೆ ಹಿಡಿದಳು. ಗುರುಲಿಂಗಮ್ಮ ಜೋಳದ ರೊಟ್ಟಿ ಮುರಿದು, ಕೊಂಡಿಯನ್ನು ಹಲ್ಲಿನಲ್ಲಿ ಕಚ್ಚಿ ಒಡೆದು, ಒಳಗಿನದನ್ನು ಹೀರಿದಳು. ಖಾರಕ್ಕೆ ಮೂಗು ಸುರಿಯಿತು. ಇನ್ನೊಂದು ರೊಟ್ಟಿ ಕೇಳಿದಳು.

ಊಟವಾದ ಮೇಲೆ ಚಿಪ್ಪುಗಳನ್ನೆಲ್ಲ ಬಳಿದು ಸೆರಗಿಗೆ ಕಟ್ಟಿಕೊಳ್ಳಲು ಹೋದವಳ ಕೈ ಅಲ್ಲೇ ನಿಂತಿತು. ಎದ್ದು ಮುಂಬಾಗಿಲಿಗೆ ಹೋಗಿ, ಹೊಸ್ತಿಲ ಹೊರಗೆ, ಅಗಸಿಗೆ ಹೋಗಿಬರುವವರಿಗೆಲ್ಲ ಕಾಣುವಂತೆ ಗುಡ್ಡೆ ಹಾಕಿದಳು.